ಕೊಣ್ಣೂರ ತಿರುವಿನ ಕಲ್ಲುಗಳು

ಗೋಕಾಕ, ೧೪ ಏಪ್ರಿಲ್ ೧೯೩೯

ಹುಕ್ಕೇರಿಯ ಶಿದ್ಲಿಂಗಪ್ಪನವರಿಗೆ, ರಸ್ತೆ ಓವರ್ಸಿಯರ್ ದುಂಡಪ್ಪನ ಶರಣಾರ್ಥಿಗಳು.

ಮೊನ್ನೆ ನಿಮ್ಮನ್ನು ನೋಡಲು ಬಂದಾಗ ಹೇಳಬೇಕಾದದ್ದನ್ನು ಹೇಳದೆ ಎದ್ದುಬಂದೆ. ಅದಕ್ಕೇ ಈ ಪತ್ರ.

ಮೋಟಾರು ಅಪಘಾತಗಳು ಹೆಚ್ಚಾಗಿವೆ, ಪ್ರತಿ ತಿರುವಿನಲ್ಲೂ ಸುಣ್ಣ ಬಳಿದ ಕಲ್ಲು ನೆಡಬೇಕು ಎಂದು ಸರ್ಕಾರದ ಹುಕುಂ ಬಂದಿತ್ತು. ಸುಗ್ಗಿಯಲ್ಲಿ ಆಳು ಸಿಗಲಿಲ್ಲ. ಕೊಣ್ಣೂರ ಹಳ್ಳದ ತಿರುವಿನಲ್ಲಿ ಆಮೇಲೆ ನೆಟ್ಟರಾಯಿತೆಂದುಕೊಂಡು, 'ನೆಟ್ಟಿದೆ' ಎಂದು ವರದಿ ಬರೆದುಬಿಟ್ಟೆ. ಮರುತಿಂಗಳು ಮುಸ್ಸಂಜೆಯಲ್ಲಿ ನಿಮ್ಮ ಫಟಫಟಿ ಮೋಟಾರ್ ಸೈಕಲ್ಲು ಅಲ್ಲೇ ಹಳ್ಳಕ್ಕೆ ಬಿತ್ತು. ನಿಮ್ಮ ಬಲಗಾಲು ಹೋಯಿತು. ನನ್ನ ವರದಿ ನಂಬಿದವರು ತಾಲೂಕಿನ ಹನ್ನೊಂದು ಅಪಘಾತಗಳ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ 'ಸವಾರನ ತಪ್ಪು' ಎಂದು ಬರೆದರು. ಅದರಿಂದ ನಿಮ್ಮ ಶಾಲೆ ತಪಾಸಣೆಯ ನೌಕರಿಯೂ ಹೋಯಿತು.

ಮೊನ್ನೆ ನೀವು ನನ್ನ ಕೈ ಹಿಡಿದು, "ತಪ್ಪು ನಂದ ಐತ್ರಿ ಸಾಹೇಬ್ರ. ಅಷ್ಟು ಬೆಳ್ಳನ ಕಲ್ಲು ಇದ್ದುವಂತ, ನನ್ನ ಕಣ್ಣಿಗೆ ಬೀಳಲಿಲ್ಲ ನೋಡ್ರಿ," ಎಂದಿರಿ. ನಿಮ್ಮ ಮನೆಯವರು ಸುಂದ್ರವ್ವ, "ದಿನಾ ಹಿಂಗ ತಮ್ಮನ್ನ ತಾವ ಬೈಕೋತಾರ್ರಿ," ಎಂದರು. ಅವರು ಕೊಟ್ಟ ಚಹಾ ಕುಡಿದೆ. ಲೋಟ ಕೆಳಗಿಟ್ಟು ಎದ್ದುಬಂದೆ.

ಇಂದು ಇಂಜಿನಿಯರ್ ಸಾಹೇಬರಿಗೆ ನನ್ನ ತಪ್ಪನ್ನು ಬರೆದುಕೊಟ್ಟಿದ್ದೇನೆ. ನನಗೆ ಏನಾಗಬೇಕೋ ಆಗಲಿ. ಸೋಮವಾರ ಅವರು ನಿಮ್ಮ ಹೇಳಿಕೆ ಬರೆದುಕೊಳ್ಳಲು ಮನೆಗೆ ಬರುತ್ತಾರೆ. ಕೈಮುಗಿದು ಕೇಳುತ್ತೇನೆ, ಕಲ್ಲು ಕಾಣಲಿಲ್ಲ ಎನ್ನಬೇಡಿರಿ. ಕಲ್ಲು ಇರಲಿಲ್ಲ ಎನ್ನಿರಿ.

ನಿಮಗೆ ಮುಖ ತೋರಿಸಲಾರದ
ದುಂಡಪ್ಪ