ಒಂದು ದಿನ ಮೊದಲೇ ಬಂದ ಅಮಾವಾಸ್ಯೆ

ರಬಕವಿ
ಮೇ ೧೫, ಶುಕ್ರವಾರ ಮಧ್ಯಾಹ್ನ

ನಮ್ಮ ಯಜಮಾನರಿಗೆ, ಕಾಂಚನಾ ಮಾಡುವ ನಮಸ್ಕಾರಗಳು.

ಫೋನಿನಲ್ಲಾದರೆ ಅರ್ಧಕ್ಕೇ ಕತ್ತರಿಸಿಬಿಡುತ್ತೀರಿ, ಅದಕ್ಕೇ ಈ ಕಾಗದ. ಜಮಖಂಡಿಯಿಂದ ಬಂದವರೇ ಕೈಕಾಲು ತೊಳೆದು, ಚಹಾ ಕುಡಿದು, ಆಮೇಲೆ ಸಿಟ್ಟಾಗಿ.

ಮಗ್ಗ ನಿಲ್ಲಿಸಿದ್ದೇನೆ. ಎಲ್ಲವನ್ನೂ.

ಸಂಜೆಯೊಳಗೆ ಗುಡುಗು, ಬಿರುಗಾಳಿ. ತಗಡಿನ ಸೂರಿನ ಕೆಳಗೆ ಯಾರೂ ಇರಬಾರದೆಂದು ಬೆಳಿಗ್ಗೆ ಫೋನಿಗೆ ಎಚ್ಚರಿಕೆ ಬಂತು. ನಿಮಗೆ ಹೇಳಿದರೆ, "ನಾಳಿ ಹೆಂಗೂ ಅಮಾಸಿ, ಮಗ್ಗ ನಿಂದರ್ತಾವ. ಇವತ್ತ ನಡೀಲಿ ಬಿಡ" ಎಂದಿರಿ. ತಗಡು ಹಾರದಿರಲೆಂದು ಶೆಡ್ಡಿನ ಮೇಲೆ ನೀವೇ ಹೇರಿಸಿದ ಕಲ್ಲುಗಳನ್ನು ಮರೆತಿರಾ? ಬೋಲ್ಟು ಹಾಕಿಸಿ ಎಂದು ಎಷ್ಟು ಸಲ ಬಡಕೊಂಡೆ. ಗಾಳಿ ತಗಡನ್ನು ಎತ್ತಿದರೆ ಆ ಕಲ್ಲು ಬೀಳುವುದು ಕೆಳಗೆ ಕೆಲಸ ಮಾಡುವವರ ತಲೆಯ ಮೇಲೆ.

ಶೆಡ್ಡಿಗೆ ಹೋಗಿ ಹೇಳಿದರೆ ನೇಕಾರರು ಒಬ್ಬರೂ ಕದಲಲಿಲ್ಲ. ಮಾದೇವಿ ನಕ್ಕು, "ಫೋನಿನ ಮಾತ ಕೇಳಿ ಕುಂತ್ರ ಹೊಟ್ಟಿಗಿ ಏನ್ ತಿನ್ನೂದ್ರಿ ಅಕ್ಕಾರ?" ಎಂದಳು. ಆಗ ನನ್ನ ಬಾಯಿಂದ ಒಂದು ಸುಳ್ಳು ಬಂದೇಬಿಟ್ಟಿತು. ಅಮಾವಾಸ್ಯೆ ಇವತ್ತು ಮಧ್ಯಾಹ್ನವೇ ಹಿಡಿಯುತ್ತದೆ, ಪಂಚಾಂಗ ನೋಡಿಯೇ ಬಂದಿದ್ದೇನೆ ಎಂದೆ. ಮಗ್ಗಗಳು ಒಂದೊಂದಾಗಿ ನಿಂತವು. ಎಚ್ಚರಿಕೆಗೆ ಜಗ್ಗದವರು ಅಮಾವಾಸ್ಯೆಯ ಹೆಸರಿಗೆ ತಕರಾರಿಲ್ಲದೆ ಎದ್ದು ಹೋದರು! ಮಗ್ಗ ರಿಪೇರಿಯ ಶಿವಯೋಗೆಪ್ಪ ಕಾಕಾ ಎಂದಿನಂತೆ ಬೀಗ ಹಾಕಿ, ಕೀಲಿ ಸೊಂಟಕ್ಕೆ ಸಿಗಿಸಿಕೊಂಡು ಮನೆಗೆ ಹೋದರು. ಮಾದೇವಿಯ ಮನೆಯೂ ತಗಡಿನದೇ, ಅದಕ್ಕೆ ಅವಳನ್ನು ಇಲ್ಲೇ ಇರಿಸಿಕೊಂಡಿದ್ದೇನೆ.

ಸುಳ್ಳು ಹೇಳಿದ ಪಾಪ ನನಗಿರಲಿ. ಸೀರೆ ತಡವಾಯಿತೆಂದು ಸೇಠರು ಬೈದರೆ ಅದನ್ನೂ ನಾನೇ ಕೇಳಿಸಿಕೊಳ್ಳುತ್ತೇನೆ.

ಹೊಳೆಯ ಕಡೆ ಆಕಾಶ ಕಪ್ಪಾಗಿದೆ. ಬೇವಿನ ಮರದಲ್ಲಿ ಒಂದು ಎಲೆಯೂ ಅಲುಗುತ್ತಿಲ್ಲ. ಓಣಿಯಲ್ಲಿ ಉಳಿದವರ ಮಗ್ಗಗಳು ಇನ್ನೂ ನಡೆದೇ ಇವೆ. ದಾರಿಯಲ್ಲಿ ಗಾಳಿ ಎದ್ದರೆ ನೀವು ಗಟ್ಟಿ ಕಟ್ಟಡ ನೋಡಿ ನಿಂತುಬಿಟ್ಟರೆ ಸಾಕು ಎಂದುಕೊಳ್ಳುತ್ತಿದ್ದೇನೆ. ಎಷ್ಟು ಬೈದರೂ ಸರಿ, ಮನೆಗೆ ಬಂದು ಬೈಯಿರಿ.

ನಿಮ್ಮವಳೇ ಆದ
ಕಾಂಚನಾ

ತಾ.ಕ.: ಶಿವಯೋಗೆಪ್ಪ ಕಾಕಾನ ಹೆಂಡತಿ ಸಿದ್ದಕ್ಕ ಈಗಷ್ಟೇ ಓಡಿ ಬಂದಳು. "ಅಮಾಸಿ ಹಿಡದೈತಿ ಅಂತ ಜಳಕಾ ಮಾಡಿ, ಕಾಯಿ ತಗೊಂಡು ಮಗ್ಗದ ಪೂಜಿಗೆ ಹೋಗ್ಯಾರ್ರಿ. ಇನ್ನೂ ಬಂದಿಲ್ಲ" ಎನ್ನುತ್ತಿದ್ದಾಳೆ. ನನ್ನ ಮಾತು ನಂಬಿಯೇ ಅವರು ಶೆಡ್ಡಿಗೆ ಹೋಗಿದ್ದಾರೆ. ಗಾಳಿ ಎದ್ದಿದೆ, ತಗಡು ಬಡಿಯುವುದು ಇಲ್ಲಿಗೇ ಕೇಳುತ್ತಿದೆ. ಕಾಗದ ಮಾದೇವಿಯ ಕೈಗೆ ಕೊಟ್ಟು, ಅವರನ್ನು ಕರೆತರಲು ಹೊರಟೆ.