ಮೇಲಿನ ಬರ್ತ್

ಯಾಸ್ಮಿನ ಆಪಾ,

ಮನೆಯಲ್ಲಿ ನಿನ್ನ ಹೆಸರನ್ನೇ ಎತ್ತುವ ಹಾಗಿಲ್ಲ, ವಿಳಾಸ ಯಾರನ್ನು ಕೇಳಲಿ? ಆದರೂ ಬರೆಯುತ್ತಿದ್ದೇನೆ. ನಾವು ಹಡಗಿನಲ್ಲಿದ್ದೇವೆ! ಅಸದ ಭಾಯಿಯ ಕೇಶ್ವಾಪುರದ ಪೇಂಟ್ ಅಂಗಡಿಗೆ ಹೆಚ್ಚು ಮಾರಿದ್ದಕ್ಕೆ ಕಂಪನಿಯವರು ಕೊಟ್ಟ ಬಹುಮಾನ ಈ ಪ್ರವಾಸ. ಗಂಡಸರಿಗೆ ಬೇರೆ ಕೋಣೆ. ಅಮ್ಮಿ, ಹಾಜರಾ ಖಾಲಾ, ರುಕ್ಸಾನಾ ಭಾಬಿ, ನಾನು, ನಾಲ್ವರೂ ಒಂದೇ ಕೋಣೆಯಲ್ಲಿ. ಕೆಳಗೆ ಎರಡು ಮಂಚ, ಅವುಗಳ ಮೇಲೆ ರೈಲಿನಲ್ಲಿದ್ದ ಹಾಗೆ ಎರಡು ಬರ್ತ್.

ನಾನು ಮೇಲೆ ಹತ್ತಲು ಹೋದರೆ ಅಮ್ಮಿ ತಡೆದಳು. "ದೊಡ್ಡವರ ತಲಿ ಮ್ಯಾಲ ಕಾಲು ಚಾಚ್ತೀಯೇನ?"

ಹಾಗಾಗಿ ಖಾಲಾ ಹತ್ತಿದಳು, ಏಣಿಯ ನಡುವೆಯೇ ಸಿಕ್ಕಿಕೊಂಡಳು. "ಹಡಗ ಹತ್ತಿದ್ದು ಸಾಲದಂತ ಇದನ್ನೂ ಹತ್ಬೇಕೇನ? ಇಳಸ್ರೇ ನನ್ನ!" ನಕ್ಕು ನಕ್ಕು ನಮಗೆ ಅವಳನ್ನು ಹಿಡಿಯಲೂ ಆಗಲಿಲ್ಲ.

ಕೊನೆಗೆ ಕೆಳಗಿನ ಗಾದಿಗಳನ್ನು ಎಳೆದು, ಮದುವೆ ಮನೆಯ ಹಾಗೆ ನೆಲದ ಮೇಲೇ ಹಾಸಿಕೊಂಡೆವು. ಚಾದರ ಕೊಡವುತ್ತಾ ಅಮ್ಮಿ, "ಯಾಸ್ಮಿನ ಇದ್ದಿದ್ರ ಮಂಗ್ಯಾನಂಗ ಹತ್ತಿ ಕುಂದರ್ತಿದ್ಲು. ನಮ್ಮನ್ನ ಕೇಳ್ತಿದ್ಲೇನ?" ಎಂದಳು.

ನೀನು ಪರಮೇಶನನ್ನು ಮದುವೆಯಾಗಿ ಹೋದ ಮೇಲೆ ಅವಳ ಬಾಯಲ್ಲಿ ನಿನ್ನ ಹೆಸರು ಕೇಳಿದ್ದು ಇದೇ ಮೊದಲು. ಭಾಬಿ ಚೀಲಗಳನ್ನೆತ್ತಿ ಮೇಲಿನ ಬರ್ತಿಗೆ ಇಡಲು ಹೋದಳು.

"ಅಲ್ಲಿ ಬ್ಯಾಡ," ಅಂದಳು ಅಮ್ಮಿ. "ಅದು ಹಂಗ ಇರ್ಲಿ."

ಈಗ ಚೀಲಗಳೆಲ್ಲ ಗಾದಿಯಲ್ಲಿ ನನ್ನ ಪಾಲಿನ ಜಾಗದ ಮೇಲಿವೆ, ಆಪಾ. ಕಾಲು ಮಡಚಿಕೊಂಡು ಖುಷಿಯಾಗಿ ಬರೆಯುತ್ತಿದ್ದೇನೆ.