ಹಿತ್ತಲ ಬಾಗಿಲಿಗೆ ಇಟ್ಟಿಗೆ

ಹೊಸಬಾಳೆ, ಸೊರಬ ತಾಲ್ಲೂಕು
ಬುಧವಾರ, 12 ಮಾರ್ಚ್ 2025

ಪ್ರೀತಿಯ ಚೈತ್ರಾ,

ಚಿರಂಜೀವಿ ಸೌಭಾಗ್ಯವತಿ ಎಂದು ಬರೆಯಲು ಹೊರಟವಳು ನಿಲ್ಲಿಸಿದೆ. ನಿನ್ನ ಸೌಭಾಗ್ಯವನ್ನು ನೀನೇ ಹುಡುಕಿಕೊಂಡಿದ್ದೀ, ಅದಕ್ಕೆ ನನ್ನ ಮೊಹರು ಬೇಕಾಗಿಲ್ಲ. ಹೇಗಿದ್ದೀ ಮಗಾ? ಏಳು ತಿಂಗಳು ತುಂಬಿತಲ್ಲ, ಕಾಲಿನ ಬಾವು ಇಳಿದಿದೆಯಾ? ಶಾಲೆಯಲ್ಲಿ ಇಡೀ ದಿನ ನಿಂತು ಪಾಠ ಮಾಡಬೇಡ, ಕುರ್ಚಿ ಹಾಕಿಸಿಕೋ. ಹೆಡ್‌ಮಾಸ್ತರು ಮುಖ ಗಂಟು ಹಾಕಿದರೆ ಹಾಕಿಕೊಳ್ಳಲಿ, ಅವರೇನು ಹೆರುವುದಿಲ್ಲವಲ್ಲ. ಡಾಕ್ಟರು ಕೊಟ್ಟ ಕಬ್ಬಿಣದ ಗುಳಿಗೆ ನುಂಗುತ್ತಿದ್ದೀಯೋ, ಇಲ್ಲ ಚಿಕ್ಕಂದಿನ ಹಾಗೆ ಕಿಟಕಿಯಿಂದ ಎಸೆಯುತ್ತಿದ್ದೀಯೋ? ಪರಶುರಾಮ ಹೇಗಿದ್ದಾನೆ? ರಾಣೆಬೆನ್ನೂರಿನ ಬಿಸಿಲಲ್ಲಿ ಕಂಬ ಹತ್ತುವ ಕೆಲಸ, ತಲೆಗೆ ಬಟ್ಟೆ ಸುತ್ತಿಕೊಳ್ಳಲು ಹೇಳು. ಫೋನು ಮಾಡಿದರೆ ನೀನು “ಆರಾಮಿದೀನಿ ಅವ್ವ” ಅಂತ ಇಟ್ಟುಬಿಡುತ್ತೀ. ನಾನೂ “ಹೂಂ” ಅಂದು ಇಡುತ್ತೇನೆ. ಇಲ್ಲಿ ಸಿಗ್ನಲ್ಲು ಸಿಗಬೇಕಾದರೆ ಊರ ಮುಂದಿನ ಮೋರಿಯ ಮೇಲೆ ಹೋಗಿ ನಿಲ್ಲಬೇಕು. ಮೋರಿಯ ಮೇಲೆ ನಿಂತು ಇದನ್ನೆಲ್ಲ ಹೇಳುವುದಕ್ಕಾಗದು. ಅದಕ್ಕೇ ಕಾಗದ.

ನಾನು ಚೆನ್ನಾಗಿದ್ದೇನೆ. ಇದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕೈಯನ್ನು ತಲೆಯಡಿ ಇಟ್ಟುಕೊಂಡು ಬಹಳ ಹೊತ್ತು ಮಲಗಿದರೆ ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಬೇರೆ ಯಾರದೋ ಕೈ ಮುಟ್ಟಿದಂತೆ, ಹಾಗೆ. ಉಣ್ಣುತ್ತೇನೆ, ನಿದ್ದೆ ಮಾಡುತ್ತೇನೆ, ಗಾರೆ ಕೆಲಸದವರಿಗೆ ಚಹಾ ಕಾಸುತ್ತೇನೆ. ಅಳು ಬಂದಿಲ್ಲ. ಬರಬೇಕಿತ್ತು ಎಂದು ಕಾದದ್ದೂ ಉಂಟು.

ನೀನು ತಿಳಿದುಕೊಂಡಿರುವುದು ಅವ್ವ ತನ್ನ ಚಿಕ್ಕಮ್ಮ ಬಿಟ್ಟುಹೋದ ಮನೆಯನ್ನು ರಿಪೇರಿ ಮಾಡಿಸಿ ಮಾರುತ್ತಾಳೆ ಅಂತ. ನಿಮ್ಮಪ್ಪ ತಿಳಿದುಕೊಂಡದ್ದೂ ಅದೇ. ಅವರಿಗೆ ನಾನೇ ಹಾಗೆ ಹೇಳಿದ್ದೆ. ಮಾಳಮ್ಮ ಚಿಕ್ಕಮ್ಮ ಮದುವೆಯಾಗದೆ ಒಬ್ಬಳೇ ಬಾಳಿ, ಸಾಯುವ ಮುಂಚೆ ಈ ಮನೆಯನ್ನು ನನ್ನ ಹೆಸರಿಗೆ ಬರೆದಿಟ್ಟಾಗ ನಾನು ಹೆಚ್ಚು ಯೋಚಿಸಿರಲಿಲ್ಲ. ಬೀಗ ಹಾಕಿ ಬಂದಿದ್ದೆ. ಈಗ ನೋಡಿದರೆ ಚಾವಣಿಯ ಪಕಾಸಿನ ಮರವೆಲ್ಲ ಗೆದ್ದಲ ಪಾಲು, ಹೆಂಚು ಅರ್ಧಕ್ಕರ್ಧ ಒಡೆದು, ನಡುಮನೆಯಲ್ಲಿ ನಿಂತರೆ ಸೂರ್ಯ ನೆತ್ತಿಯ ಮೇಲೆ. ಅಡುಗೆಮನೆಯಲ್ಲಿ ಹುತ್ತ ಎದ್ದಿತ್ತು. ನಿಮ್ಮಪ್ಪ ಒಂದು ದಿನವೂ ಇಲ್ಲಿಗೆ ಬಂದವರಲ್ಲ, ಶಿಕಾರಿಪುರದ ಮೂರನೇ ಮಹಡಿಯಲ್ಲಿ ಕೂತು ಯಾವ ಬಣ್ಣ ಹೊಡೆಸಿದರೆ ಗಿರಾಕಿ ಬರುತ್ತಾರೆ ಎಂದು ಸಲಹೆ ಕೊಡುತ್ತಿದ್ದರು. ನಾನು “ಆಯ್ತು ರೀ” ಎನ್ನುತ್ತಿದ್ದೆ. ವಾರಕ್ಕೊಮ್ಮೆ ಕೈಚೀಲ ಹಿಡಿದು ಶಿರಾಳಕೊಪ್ಪದ ಮೇಲೆ ಸೊರಬದ ಬಸ್ಸು ಹತ್ತುತ್ತಿದ್ದೆ. ಚೀಲದಲ್ಲಿ ಮೊದಮೊದಲು ಸುಣ್ಣದ ಬ್ರಷ್ಷು, ಮೊಳೆ, ಹಗ್ಗ. ಆಮೇಲೆ ಎರಡು ಪಾತ್ರೆ. ಆಮೇಲೆ ಕಂಬಳಿ. ಆಮೇಲೆ ನನ್ನ ಸೀರೆಗಳು, ಒಂದೊಂದಾಗಿ. ಒಂದು ಫ್ಲಾಟನ್ನು ಕೈಚೀಲದಲ್ಲಿ ಖಾಲಿ ಮಾಡಬಹುದು ಚೈತ್ರಾ. ಮನೆಯ ಗಂಡಸಿಗೆ ಗೊತ್ತಾಗುವುದೇ ಇಲ್ಲ.

ನನ್ನ ಹೊದಿಕೆ ಹೋಯಿತು, ಗೊತ್ತಾಗಲಿಲ್ಲ. ಬೀರುವಿನ ನನ್ನ ಪಾಲು ಖಾಲಿಯಾಯಿತು, ಗೊತ್ತಾಗಲಿಲ್ಲ. ಗೋಡೆಯ ಮೇಲಿದ್ದ ನಾನು ಜೈಲಿನಿಂದ ಹೊರಗೆ ಬಂದ ದಿನದ ಫೋಟೋ, ಅದೇ, ಸಾರಾಯಿ ಅಂಗಡಿ ಮುಚ್ಚಿಸಲು ಹೋಗಿ ನಾವು ಹೆಂಗಸರೆಲ್ಲ ಒಳಗೆ ಹೋದದ್ದು, ಅದನ್ನು ತೆಗೆದ ಜಾಗದಲ್ಲಿ ಬಿಳಿಯ ಚೌಕ ಉಳಿದಿತ್ತು. ನಿಮ್ಮಪ್ಪ ಅದರ ಕೆಳಗೇ ಕೂತು ಟಿವಿ ನೋಡಿದರು. ಕೊನೆಗೆ ಗೊತ್ತಾದದ್ದು ಚಹಾದ ತಟ್ಟೆಯಲ್ಲಿ ಒಂದೇ ಲೋಟ ಇದ್ದಾಗ. “ನಿನ್ ಲೋಟ ಎಲ್ಲಿ ಮಂಗಳಾ?” ಅಂದರು. “ಹೊಸಬಾಳೆಲಿ ಐತ್ರೀ” ಅಂದೆ. “ಹಂಗಾರೆ ಇಲ್ಲಿ ಹೆಂಗ್ ಕುಡೀತಿ?” “ಇಲ್ಲಿ ಕುಡಿಯಾದು ಮುಗೀತು.” ಅಷ್ಟೇ ಮಾತು. ಅವರು ಚಹಾ ಕುಡಿದು ಮುಗಿಸಿದರು. ನಾನು ಲೋಟ ತೊಳೆದಿಟ್ಟು ಚಪ್ಪಲಿ ಮೆಟ್ಟಿದೆ. ಲಿಫ್ಟಿನಲ್ಲಿ ಇಳಿಯುವಾಗ ಏನಾದರೂ ಅನ್ನಿಸುತ್ತದೆಂದುಕೊಂಡಿದ್ದೆ. ಸೌತೆಕಾಯಿ ತರುವುದು ಮರೆತೆ ಅನ್ನಿಸಿತು, ಬೇರೇನೂ ಅಲ್ಲ.

ನಿನಗೆ ಗೊತ್ತು, ಅವರನ್ನು ನಾನು ಕಟ್ಟಿಕೊಂಡದ್ದು ರೈತ ಹೋರಾಟದ ಹಸಿರು ಶಾಲು ನೋಡಿ. ನಿಮ್ಮಪ್ಪ ತೋಟಪ್ಪ ಭಾಷಣಕ್ಕೆ ನಿಂತರೆ ಸಂತೆ ನಿಲ್ಲುತ್ತಿತ್ತು. ಮನುಷ್ಯರೆಲ್ಲ ಒಂದೇ ಎಂದು ಅವರು ಮೈಕಿನಲ್ಲಿ ಕೂಗಿದ್ದನ್ನು ಈ ಎರಡೂ ತಾಲ್ಲೂಕಿನ ಹಳ್ಳಿಗಳು ಕೇಳಿವೆ. ನೀವಿಬ್ಬರೂ ರಿಜಿಸ್ಟರ್ ಮದುವೆಯಾಗಿ ಹಾರ ಹಾಕಿಕೊಂಡೇ ಮೇಲೆ ಬಂದ ದಿನ ಅದೇ ಗಂಟಲು ಕಬ್ಬಿಣದ ಜಾಲರಿ ಬಾಗಿಲ ಹಿಂದಿನಿಂದ ಏನು ಕೂಗಿತೆಂದು ನೀನೂ ಕೇಳಿದೆ, ಅವನೂ ಕೇಳಿದ, ಎದುರು ಫ್ಲಾಟಿನವರೂ ಕೇಳಿದರು. ಅವನಿಗೆ ಶಿಕಾರಿಪುರದಲ್ಲೇ ಕೆಲಸವಿದ್ದಾಗ, ಗಾಳಿಮಳೆಗೆ ಅರ್ಧ ಊರು ಕತ್ತಲಾದ ದಿನ, ಕಂಬ ಹತ್ತಿ ನಮ್ಮ ಮನೆಗೆ ದೀಪ ಕೊಟ್ಟವನು ನಮ್ಮ ಹೊಸ್ತಿಲು ಹತ್ತಬಾರದು! ದೀಪಕ್ಕೆ ಮೈಲಿಗೆಯಿಲ್ಲ, ಹತ್ತಿಸಿದವನಿಗೆ ಇದೆ. ಆ ದಿನವೇ ನಾನು ಜಗಳ ತೆಗೆದೆ. ಊಟ ಬಿಟ್ಟೆ, ಬೈದೆ, ಅವರ ಹಳೆಯ ಭಾಷಣಗಳನ್ನೇ ಅವರ ಮುಖಕ್ಕೆ ಹಿಡಿದೆ. ಅವರು ಟಿವಿಯ ಸದ್ದು ಜಾಸ್ತಿ ಮಾಡಿದರು. ಸರ್ಕಾರದ ಜೊತೆ ಜಗಳ ಸುಲಭ, ಅದು ಲಾಠಿಯನ್ನಾದರೂ ಬೀಸುತ್ತದೆ. ಟಿವಿಯ ಸದ್ದಿನ ಜೊತೆ ಎಷ್ಟು ದಿನ ಹೋರಾಡುವುದು? ಒಂದು ಬೆಳಿಗ್ಗೆ ಎದ್ದಾಗ ಸಿಟ್ಟು ಇರಲಿಲ್ಲ. ಏನೂ ಇರಲಿಲ್ಲ. ಆಗಲೇ ನಿನ್ನ ಫೋನು ಬಂತು, ಮುಟ್ಟು ನಿಂತಿದೆ ಅವ್ವ ಎಂದು. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕು. ತವರು ಎಂದರೆ ಯಾವುದು? ನಾನು ಇರುವ ಕಡೆ ತವರು. ಅಷ್ಟು ಲೆಕ್ಕ ಹಾಕಿ ಬಸ್ಸು ಹತ್ತಿದೆ.

ಇಲ್ಲಿ ಬಂದು ಮೊದಲು ಮಾಡಿಸಿದ್ದು ಬಚ್ಚಲು. ಗಾರೆ ಕೆಲಸದ ಜಟ್ಟಪ್ಪ ಕೈಯಲ್ಲಿ ಕರಣಿ ಹಿಡಿದು ನನ್ನನ್ನೇ ನೋಡಿದ. “ಅಕ್ಕಾ, ತಲೆ ಮ್ಯಾಲೆ ಸೂರಿಲ್ಲ, ಸ್ನಾನದ ಮನೆ ಕಟ್ಟುಸ್ತೀರಲ್ರೀ! ಮಿಂದು ಎಲ್ಲಿ ಮಲಗ್ತೀರಿ, ನಕ್ಷತ್ರದ ಕೆಳಗಾ?” ಹಿತ್ತಲಿನಲ್ಲಿ, ಮನೆಯ ಹಿಂಗೋಡೆಗೆ ತಾಗಿಸಿ, ಒಳಗೊಬ್ಬಳು ಕಾಲು ಚಾಚಿ ಕೂರುವಷ್ಟು ಅಗಲ, ಎರೆಯುವವಳು ಸುತ್ತ ಓಡಾಡುವಷ್ಟು ಜಾಗ, ದೊಡ್ಡ ಹಂಡೆ ಕೂರಿಸಿದ ಒಲೆ ಎಂದು ನಾನು ಅಳತೆ ಹೇಳುತ್ತಿದ್ದೆ. ಪಕ್ಕದ ಮನೆಯ ಗುತ್ಯಮ್ಮ ಬೇಲಿಯ ಆಚೆ ನಿಂತು ಕೇಳಿಸಿಕೊಂಡಳು. “ಸುಮ್ನಿರಾ ಜಟ್ಟಪ್ಪಾ, ನಿಂಗೇನ್ ಗೊತ್ತಾಗ್ತೈತೆ. ಈ ಮನಿಗೆ ಬಾಣಂತಿ ಬತ್ತಾಳೆ” ಅಂದಳು. ಆಮೇಲೆ ನನ್ನ ಕಡೆ ತಿರುಗಿ ಎಷ್ಟು ತಿಂಗಳು, ಅಳಿಯ ಏನು ಮಾಡುತ್ತಾನೆ ಎಂದು ವಿಚಾರಿಸಿದಳು. ಲೈನ್‌ಮನ್ ಅಂದೆ. “ಯಾರ ಪೈಕಿ?” ಅಂದಳು. ಹೇಳಿದೆ. ಮುಚ್ಚಿಟ್ಟು ಹೇಳುವ ವಯಸ್ಸಲ್ಲ ನನ್ನದು. ಗುತ್ಯಮ್ಮ ಒಳಗೆ ಹೋದವಳು ಎರಡು ದಿನ ಬೇಲಿಯ ಹತ್ತಿರ ಬರಲಿಲ್ಲ. ಆಮೇಲೊಂದು ಬೆಳಿಗ್ಗೆ ತಲೆಹೊರೆ ಕಟ್ಟಿಗೆ ತಂದು ಅಂಗಳದಲ್ಲಿ ಒಗೆದಳು. “ಹಸಿ ಐತೆ, ಈಗ್ಲೇ ಒಣಗ್ಸಿ. ಬಾಣಂತಿಗೆ ಹೊಗೆ ಆಗಂಗಿಲ್ಲ.”

ಮಾತು ಒಂದು ಬೇಲಿ ದಾಟಿದ ಮೇಲೆ ಊರು ದಾಟುತ್ತದೆ. ಮಾಳಮ್ಮ ಚಿಕ್ಕಮ್ಮನ ಮೈದುನನ ವರಸೆಯಾಗಬೇಕು ಎಂದು ಹೇಳಿಕೊಂಡು ಸುಬ್ಬಪ್ಪ ಎಂಬ ಹಿರಿಯರು ಬಂದರು. ಚಿಕ್ಕಮ್ಮನಿಗೆ ಮದುವೆಯೇ ಆಗಿರಲಿಲ್ಲ, ಮೈದುನ ಎಲ್ಲಿಂದ ಬಂದ ಎಂದು ನಾನು ಕೇಳಲಿಲ್ಲ. ನೀರು ಕೊಟ್ಟೆ. ಒಳ್ಳೆಯ ಮನುಷ್ಯರೇ, ದನಿ ಎತ್ತಲಿಲ್ಲ. “ನೋಡು ತಂಗಿ, ಕಾಲ ಬದಲಾಗೈತಿ, ನಾವೇನು ಬ್ಯಾಡ ಅನ್ನಲ್ಲ. ಹುಡುಗ ಬರ್ಲಿ, ಉಣ್ಲಿ, ಹೆಂಡ್ತಿ ಮಕ್ಕಳನ್ನ ನೋಡ್ಕಂಡ್ ಹೋಗ್ಲಿ. ಮುಂದಿನ ಬಾಗಲು ಊರಿನ ಕಣ್ಣಿಗೆ ಬೀಳ್ತೈತಿ. ಹಿತ್ತಲ ಬಾಗಿಲಿಂದ ಬಂದ್ರಾತು. ಯಾರಿಗೂ ನೋವಿಲ್ಲ.” ಎಷ್ಟು ಮೆತ್ತಗೆ ಹೇಳಿದರೆಂದರೆ ಅವರೇ ಏನೋ ದಾನ ಕೊಡುತ್ತಿದ್ದಂತಿತ್ತು. ಅವರು ನೀರು ಕುಡಿದು ಹೋದರು. ನಾನು ಜಟ್ಟಪ್ಪನನ್ನು ಕರೆದು ಹಿತ್ತಲ ಬಾಗಿಲು ಕಿತ್ತು ಇಟ್ಟಿಗೆ ಕಟ್ಟಿಬಿಡು ಅಂದೆ. “ಈಗಾ?” ಈಗ. ಸಂಜೆಯೊಳಗೆ ಬಾಗಿಲಿದ್ದ ಕಡೆ ಗೋಡೆ. ಇನ್ನು ಈ ಮನೆಗೆ ಒಂದೇ ಬಾಗಿಲು. ಬರುವವರು ಯಾರೇ ಆಗಲಿ ಊರಿನ ಕಣ್ಣೆದುರೇ ಬರಬೇಕು.

ಮಾರನೇ ಬೆಳಿಗ್ಗೆ ಜಟ್ಟಪ್ಪ ಗೋಡೆಯ ಮುಂದೆ ನಿಂತು ತಲೆ ಕೆರೆದುಕೊಂಡ. “ಅಕ್ಕಾ, ಒಂದ್ ಮಾತು. ಬಚ್ಚಲಿಗೆ ಎಲ್ಲಿಂದ ಹೋಗ್ತೀರಿ?” ನಿಜ. ಬಚ್ಚಲು ಹಿತ್ತಲಲ್ಲಿದೆ, ಹಿತ್ತಲಿಗೆ ಇದ್ದ ದಾರಿಯನ್ನು ನಾನು ಮುಚ್ಚಿಸಿದ್ದೇನೆ. ಹಸಿ ಬಾಣಂತಿ ಮುಂದಿನ ಬಾಗಿಲಿನಿಂದ ಹೊರಗೆ ಬಂದು, ಬೀದಿಗೆ ಕಾಣುವಂತೆ ಮನೆ ಸುತ್ತು ಹಾಕಿ, ಗಾಳಿಗೆ ಒಡ್ಡಿಕೊಂಡು ನೀರೆರೆಸಿಕೊಳ್ಳಲು ಹೋಗಬೇಕು! ಗುತ್ಯಮ್ಮ ಬೇಲಿಗೆ ಒರಗಿ ನಕ್ಕಳು ನೋಡು, ಸೆರಗು ಬಾಯಿಗೆ ತುರುಕಿಕೊಂಡು. “ಹೋರಾಟದವ್ರು ಮನೆ ಕಟ್ಟಿದ್ರೆ ಹಿಂಗೇ ಕಣ್ರಾ! ಬಾಗ್ಲು ಮುಚ್ಚಿ ಆಮ್ಯಾಲೆ ದಾರಿ ಹುಡುಕ್ತಾರೆ.” ನನಗೆ ಸಿಟ್ಟೂ ಬರಲಿಲ್ಲ, ನಗುವೂ ಬರಲಿಲ್ಲ, ಆದರೆ ತುಟಿಯ ಹತ್ತಿರ ಏನೋ ಕದಲಿತು. ಮೂವರೂ ಕೂತು ಯೋಚಿಸಿದೆವು. ಕಟ್ಟಿದ್ದನ್ನು ಒಡೆ ಎಂದು ನಾನು ಹೇಳಲಿಲ್ಲ. ಕೊನೆಗೆ ಒಳಕೋಣೆಯ ಗೋಡೆಯನ್ನು ಕೊರೆದು ಅಲ್ಲಿಂದ ಸೀದಾ ಬಚ್ಚಲಿಗೆ ಒಂದು ಕಿರುಬಾಗಿಲು ಇಟ್ಟೆವು. ಬಚ್ಚಲಿನಿಂದ ಹಿತ್ತಲಿಗೆ ಬಿಟ್ಟಿದ್ದ ಬಾಗಿಲನ್ನೂ ಮುಚ್ಚಿಸಿದೆ. ಹಾಸಿಗೆಯಿಂದ ಎದ್ದು ನಾಲ್ಕು ಹೆಜ್ಜೆ, ಬಿಸಿನೀರು. ಗಾಳಿ ತಾಗುವುದಿಲ್ಲ. ಅದೇ ನಿನ್ನ ಕೋಣೆ. ಸುಣ್ಣ ಹೊಡೆದಿದೆ, ಮಂಚದ ಹಗ್ಗ ಬಿಗಿಸಿದೆ. ನನ್ನ ಹಳೆಯ ನೂಲಿನ ಸೀರೆಗಳನ್ನು ಹರಿದು, ಕುದಿಸಿ, ಮಡಿಸಿಟ್ಟಿದ್ದೇನೆ.

ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ನಿನ್ನ ಕೋಣೆ ಮತ್ತು ಅಡುಗೆಮನೆಯ ಮೇಲೆ ಹೊಸ ಹೆಂಚು ಕೂತಿದೆ, ನಡುಮನೆಯ ಮೇಲೆ ಇನ್ನೂ ತಾಡಪಾಲು. ಮಳೆಗಾಲದೊಳಗೆ ಆಗುತ್ತದೆ ಎಂದು ಜಟ್ಟಪ್ಪ ಹೇಳುತ್ತಾನೆ, ಜಟ್ಟಪ್ಪನ ಬಾಯಿಯ ಮಳೆಗಾಲ ಯಾವ ವರ್ಷದ್ದೋ. ಕರೆಂಟು ಹೋಗುತ್ತದೆ, ಬರುತ್ತದೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಲಿ, ನಿನ್ನ ಡಾಕ್ಟರು ಎಲ್ಲಿ ಎನ್ನುತ್ತಾರೋ ಅಲ್ಲಿ. ಅದರಲ್ಲಿ ನಾನು ಹಳೇ ಕಾಲದವಳ ಹಟ ಮಾಡುವುದಿಲ್ಲ. ಆಮೇಲಿನದು ನನ್ನದು. ಫ್ಲಾಟಿನ ಹಾಗೆ ಇಲ್ಲಿ ಲಿಫ್ಟಿಲ್ಲ, ಕೆಳಗೆ ಮೆಡಿಕಲ್ ಶಾಪಿಲ್ಲ. ಸೊರಬ ದೂರವಿಲ್ಲ, ಹತ್ತಿರವೂ ಅಲ್ಲ. ಸುಬ್ಬಪ್ಪನವರು ಈಗ ದಾರಿಯಲ್ಲಿ ಸಿಕ್ಕರೆ ಮುಖ ತಿರುಗಿಸುತ್ತಾರೆ, ಇನ್ನೂ ನಾಲ್ಕು ಜನ ತಿರುಗಿಸಬಹುದು. ನೀನು ಬರದಿದ್ದರೂ ನಾನು ಶಿಕಾರಿಪುರಕ್ಕೆ ತಿರುಗಿ ಹೋಗುವವಳಲ್ಲ. ನಿನ್ನನ್ನು ಕಟ್ಟಿಹಾಕಲು ಇದನ್ನು ಬರೆಯುತ್ತಿಲ್ಲ. ಈ ಮನೆ ನಿನಗಾಗಿ ಎಂದು ಶುರುವಾಯಿತು, ಈಗ ನನಗೂ ಬೇಕಾಗಿದೆ.

ಹುಷಾರಾಗಿರು. ಎಡಮಗ್ಗುಲಿಗೆ ಮಲಗು. ಪರಶುರಾಮನಿಗೆ ನನ್ನ ಆಶೀರ್ವಾದವನ್ನು ಹೇಳು. ಅವನ ತಾಯಿಗೆ ಶರಣು ಹೇಳು, ಮೊಮ್ಮಗುವಿನ ಅರ್ಧ ಅವರದು, ಯಾವಾಗ ಬೇಕಾದರೂ ಬಂದು ಎಷ್ಟು ದಿನ ಬೇಕಾದರೂ ಇರಲಿ. ಹೊಟ್ಟೆಯೊಳಗಿನದಕ್ಕೆ ಈಗಲೇ ಏನು ಹರಸಲಿ? ಜಗಳ ಆಡುವ ಗಂಟಲು ಬರಲಿ.

ನಿನ್ನ ಅವ್ವ,
ಸರ್ವಮಂಗಳ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನು ಬರೆಯಲೇಬೇಕು. ಪೋಸ್ಟಿನವನು ಹೊರಗೆ ಸೈಕಲ್ಲು ನಿಲ್ಲಿಸಿಕೊಂಡಿದ್ದಾನೆ. ಇವತ್ತು ಮೋರಿಯ ಮೇಲೆ ನಿಂತಿದ್ದಾಗ ನಿಮ್ಮಪ್ಪನ ಫೋನು ಬಂತು. ಅತ್ತರು. ನಾಟಕವಲ್ಲ, ನಿಜವಾಗಿ ಅತ್ತರು, ಅವರ ಅಳು ನನಗೆ ಗೊತ್ತು. ಯುಗಾದಿಯ ದಿನ ನಿನಗೇ ಫೋನು ಮಾಡುತ್ತಾರಂತೆ, ಬಾಣಂತನಕ್ಕೆ ಫ್ಲಾಟಿಗೇ ಬಾ ಎಂದು ಕರೆಯುತ್ತಾರಂತೆ. ಪರಶುರಾಮ? ಅಂದೆ. “ಪಾರ್ಕಿಂಗ್ ತನಕ ಬರ್ಲಿ ಮಂಗಳಾ, ನಾನೇ ಕೂಸು ಎತ್ಕಂಡ್ ಕೆಳಗಿಳಿದು ಬಂದು ತೋರಿಸ್ತೀನಿ” ಅಂದರು. ಅವರ ಮಟ್ಟಿಗೆ ಅದು ಬಹಳ ದೊಡ್ಡ ಮಾತು, ಮೂರು ಮಹಡಿ ಇಳಿಯುವುದು. ನಾನು ಫೋನು ಇಟ್ಟೆ. ನಿನಗೆ ಅಪ್ಪನ ಮೇಲೆ ಜೀವ ಎಂದು ನನಗೆ ಗೊತ್ತು, ಅವರು ಅತ್ತರೆ ನೀನು ಕರಗುತ್ತೀ ಎಂದೂ ಗೊತ್ತು. ಹೋಗಬೇಡ ಎನ್ನುವುದಿಲ್ಲ. ಹೂಂ ಅನ್ನುವ ಮುಂಚೆ ಒಂದೇ ಒಂದು ಕೇಳು: ಅಪ್ಪಾಜಿ, ಕೂಸು ನೋಡಲು ಬಂದ ರಾತ್ರಿ ಪರಶುರಾಮ ಎಲ್ಲಿ ಮಲಗಬೇಕು? ಏನು ಹೇಳುತ್ತಾರೋ ನನಗೂ ತಿಳಿಸು.